ಆಮಿಷ: ಒಡ್ಡಿದ ಕೈ ಯಾರದು?

(ಬೆಳಗಾವಿಯ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಒಂದನ್ನು ಮಾತ್ರ ಸೇರಿಸಿದ್ದೇನೆ.)

ಹಿರಿಯರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರ ಕೂತಿರುವ ಕಾಲೇಜು ಹುಡುಗರೇ,

ಈ ಕಾರ್ಯಕ್ರಮದ ಆಹ್ವಾನ ಪತ್ರಿಕೆ ನೀವೆಲ್ಲ ನೋಡಿರುತ್ತೀರಿ. ಮೇಲೆ ವಿಷಯ: ‘ಆಮಿಷ: ಒಂದು ಪದದ ಅರ್ಥ ಮತ್ತು ಬಳಕೆ’. ಕೆಳಗೆ, ಸ್ವಲ್ಪ ದಪ್ಪ ಅಕ್ಷರದಲ್ಲಿ: ‘ಉಪನ್ಯಾಸದ ನಂತರ ಚಹಾ ಮತ್ತು ಕುಂದಾ’. ನನ್ನ ಹೆಸರಿಗಿಂತ ಕುಂದಾ ದಪ್ಪಗಿತ್ತು. ಯಾಕ್ರೀ ಹೀಂಗ ಅಂತ ಸಂಘಟಕರನ್ನು ಕೇಳಿದೆ. “ಹಂಗ ಹಾಕಿದ್ರ ನಾಕ ಮಂದಿ ಹೆಚ್ಚಿಗೆ ಬರ್ತಾರ್ರಿ ಸರ” ಅಂದರು. ಪತ್ರಿಕೆ ನೋಡಿದ ನನ್ನ ಗೆಳೆಯನೊಬ್ಬ, “ಮ್ಯಾಲೂ ಆಮಿಷ, ಕೆಳಗೂ ಆಮಿಷ” ಅಂತ ನಕ್ಕ. ಕುಂದಾ ಆಮಿಷ ಹೌದೋ ಅಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಕೊನೆಯ ಹೊತ್ತಿಗೆ ಅದಕ್ಕೆ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಎದ್ದು ಹೋಗಲಾರಿರಿ ಎಂಬ ಧೈರ್ಯ ನನಗಿದೆ.

ನಾನು ಭಾಷಾವಿಜ್ಞಾನಿಯಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಲೆಬರಹ ಬರೆದವನು. ಒಂದೇ ಕಾಲಂ ಅಗಲದಲ್ಲಿ ತಲೆಬರಹ ಕೂರಿಸಬೇಕಾದಾಗ ಉದ್ದನೆಯ ಪದಗಳು ವೈರಿಗಳು. ‘ಪ್ರಲೋಭನೆ’ ಅಲ್ಲಿ ಹಿಡಿಸುವುದಿಲ್ಲ. ‘ಆಮಿಷ’ ಹಿಡಿಸುತ್ತದೆ, ಮೂರೇ ಅಕ್ಷರ. ಹೀಗಾಗಿ ಅದನ್ನು ನಾವು ಮನಬಂದಂತೆ ದುಡಿಸಿಕೊಂಡೆವು. ನೌಕರಿ ಆಮಿಷ, ಮದುವೆ ಆಮಿಷ, ದುಪ್ಪಟ್ಟು ಹಣದ ಆಮಿಷ, ಮತದಾರರಿಗೆ ಆಮಿಷ, ಶಾಸಕರಿಗೆ ಆಮಿಷ. ಕೈಯಿಂದ ಕೈಗೆ ದಾಟಿ ಸವೆದ ನಾಣ್ಯದ ಹಾಗೆ ಆಗಿದೆ ಆ ಪದ. ಎರಡೂ ಬದಿಯ ಚಿತ್ರ ಅಳಿಸಿ ಬರೀ ಗುಂಡನೆಯ ಲೋಹ ಉಳಿದಿದೆ. ಅದರ ಮೇಲೆ ಮೊದಲು ಏನು ಅಚ್ಚಾಗಿತ್ತು ಅಂತ ನಿವೃತ್ತಿಯ ಬಿಡುವಿನಲ್ಲಿ ಹುಡುಕಿ ನೋಡಿದೆ.

ಅಚ್ಚಾಗಿದ್ದದ್ದು ಮಾಂಸ. ಸಂಸ್ಕೃತದ ಹಳೆಯ ನಿಘಂಟಾದ ಅಮರಕೋಶದಲ್ಲಿ ಮಾಂಸದ ಹೆಸರುಗಳನ್ನು ಹೇಳುವ ಸಾಲೊಂದಿದೆ: ‘ಪಿಶಿತಂ ತರಸಂ ಮಾಂಸಂ ಪಲಲಂ ಕ್ರವ್ಯಮಾಮಿಷಮ್’. ಆರು ಹೆಸರು, ಆರನೆಯದು ನಮ್ಮ ಆಮಿಷ. ಹಸಿಯಾದದ್ದು, ಬೇಯದ್ದು ಎಂಬ ಅರ್ಥದ ‘ಆಮ’ಕ್ಕೂ ಇದಕ್ಕೂ ನಂಟಿರಬಹುದು ಅಂತ ನಿಘಂಟುಕಾರರು ಹೇಳುತ್ತಾರೆ. ಆ ‘ಆಮ’ ನಿಮಗೆ ಹೊಸದಲ್ಲ, ಹೊಟ್ಟೆ ಕೆಟ್ಟಾಗ ವೈದ್ಯರ ಬಾಯಲ್ಲಿ ‘ಆಮಶಂಕೆ’ ಅಂತ ಬರುತ್ತದಲ್ಲ, ಅದೇ. ಬಂಗಾಳಿಗಳ ಮನೆಗೆ ಹೋದರೆ ಇವತ್ತಿಗೂ ಸಸ್ಯಾಹಾರಕ್ಕೆ ಅವರು ಹೇಳುವುದು ‘ನಿರಾಮಿಷ’. ಹಿಂದಿಯಲ್ಲಿ ಗ್ರಂಥಸ್ಥ ಭಾಷೆಯಲ್ಲಾದರೂ ಸಾಮಿಷ, ನಿರಾಮಿಷ ಉಳಿದುಕೊಂಡಿವೆ. ಕನ್ನಡದ ಬಳಕೆಯಲ್ಲಿ ಆ ಅರ್ಥ ಪೂರ್ತಿ ಬಿದ್ದುಹೋಗಿದೆ. ನಮ್ಮಲ್ಲಿ ಯಾರಾದರೂ ಮಾಂಸದೂಟದ ಸಾವಜಿ ಖಾನಾವಳಿಗೆ ಹೋಗಿ “ಒಂದು ಪ್ಲೇಟ್ ಆಮಿಷ ಕೊಡ್ರಿ” ಅಂದರೆ ಮಾಲೀಕ ಆಹಾರ ಇಲಾಖೆಯವರು ಬಂದಿದ್ದಾರೆ ಅಂತ ಹೆದರಿಯಾನು.

ಮಾಂಸ ಎಂಬುದು ಆಸೆ ತೋರಿಸುವ ವಸ್ತುವಾದದ್ದು ಹೇಗೆ? ಬೇಟೆಗಾರರ ಮೂಲಕ, ಮೀನು ಹಿಡಿಯುವವರ ಮೂಲಕ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ಯದು ರಾಜನಿಗೆ ತನ್ನ ಇಪ್ಪತ್ನಾಲ್ಕು ಗುರುಗಳ ಕಥೆ ಹೇಳುತ್ತಾನೆ. ಭೂಮಿ, ಗಾಳಿ, ಹೆಬ್ಬಾವು, ಜೇಡ ಎಲ್ಲ ಅವನಿಗೆ ಗುರುಗಳೇ. ಅವರಲ್ಲಿ ಮೀನೂ ಒಂದು. ನಾಲಗೆಯ ರುಚಿಗೆ ಸೋತು ಗಾಳಕ್ಕೆ ಸಿಕ್ಕಿ ಸಾಯುವುದೇ ಅದರ ಪಾಠ. ಕುರರ ಎಂಬ ಬೇಟೆಹಕ್ಕಿಯೂ ಒಂದು. ಆ ಹಕ್ಕಿಯ ಬಾಯಲ್ಲಿ ಮಾಂಸದ ತುಂಡಿರುತ್ತದೆ. ಮಾಂಸ ಸಿಗದ, ಅದಕ್ಕಿಂತ ಬಲವಾದ ಹಕ್ಕಿಗಳು ಅಟ್ಟಿಸಿಕೊಂಡು ಬಂದು ಕುಕ್ಕುತ್ತವೆ. ತುಂಡನ್ನು ಬಿಟ್ಟುಬಿಟ್ಟ ಕೂಡಲೇ ಕುರರಕ್ಕೆ ಸುಖವಾಗುತ್ತದೆ. ಆ ಶ್ಲೋಕದಲ್ಲಿ ‘ಸಾಮಿಷ’, ‘ನಿರಾಮಿಷ’, ‘ಆಮಿಷ’ ಮೂರೂ ಬರುತ್ತವೆ. ಅಲ್ಲಿ ಅರ್ಥ ಮಾಂಸವೇ. ಆದರೆ ಓದುವವನ ಮನಸ್ಸಿನಲ್ಲಿ ಅದು ಮಾಂಸವಾಗಿ ಉಳಿಯುವುದಿಲ್ಲ, ಆಸ್ತಿಯಾಗುತ್ತದೆ, ಕುರ್ಚಿಯಾಗುತ್ತದೆ. ಪದವೊಂದು ಬಣ್ಣ ಬದಲಿಸುವ ಗಳಿಗೆ ಇಂಥದ್ದು. ಬೌದ್ಧರ ಪಾಲಿಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಲೋಕಾಮಿಸ’ ಆಗಿದೆ. ಇಡೀ ಲೋಕವೇ ಗಾಳಕ್ಕೆ ಸಿಕ್ಕಿಸಿದ ತುಂಡು ಎಂಬ ಮಾತು ಅದು.

ಸಂಸ್ಕೃತದಲ್ಲೇ ‘ಮಿಷ’ ಎಂಬ ಬೇರೆ ಪದವಿದೆ, ನೆಪ ಅಂತ ಅರ್ಥ. ವ್ಯಾಕರಣದ ಪ್ರಕಾರ ಅದಕ್ಕೂ ಆಮಿಷಕ್ಕೂ ಸಂಬಂಧ ಕಟ್ಟಬಾರದು. ಆದರೆ ಕಿವಿ ವ್ಯಾಕರಣ ಕೇಳುವುದಿಲ್ಲ. ಆಮಿಷ ಅಂದಾಗ ನನಗೆ ಒಳಗೆಲ್ಲೋ ನೆಪವೂ ಕೇಳುತ್ತದೆ, ವಿಷವೂ ಕೇಳುತ್ತದೆ. ಫ್ಲೆಕ್ಸ್ ಬೋರ್ಡಿನವರು ‘ಆಮೀಷ’ ಅಂತ ದೀರ್ಘ ಎಳೆದು ಬರೆದದ್ದೂ ಕಾಣುತ್ತದೆ. ದಯವಿಟ್ಟು ಎಳೆಯಬೇಡಿ. ಹ್ರಸ್ವವಾಗಿದ್ದಾಗಲೇ ಅದು ಸಾಕಷ್ಟು ಉದ್ದ ಜನರನ್ನು ಎಳೆದುಕೊಂಡು ಹೋಗುತ್ತಿದೆ.

ಇಷ್ಟು ಪುಸ್ತಕದ ಮಾತು ಸಾಕು. ನನಗೆ ಆಮಿಷದ ಅರ್ಥ ಕಲಿಸಿದ್ದು ಇಲಿ ಬೋನು.

ಘಟಪ್ರಭಾ ದಂಡೆಯ ಹಳ್ಳಿ ನಮ್ಮದು, ಗೋಕಾಕದ ಕಡೆ. ಮಣ್ಣಿನ ಮನೆ, ಜೋಳದ ಚೀಲ, ಶೇಂಗಾದ ಚೀಲ. ಅಂದ ಮೇಲೆ ಇಲಿ ಇರಲೇಬೇಕು. ರಾತ್ರಿ ಊಟವಾದ ಮೇಲೆ ಬೋನು ಹೂಡುವ ಕೆಲಸ ಅವ್ವನದು. ಒಣಕೊಬ್ಬರಿಯ ಒಂದು ಚೂರನ್ನು ಒಲೆಯ ಕೆಂಡಕ್ಕೆ ಹಿಡಿಯುತ್ತಿದ್ದಳು. ಕೊಬ್ಬರಿ ಚುರುಗುಟ್ಟಿ ಎಣ್ಣೆ ಬಿಟ್ಟುಕೊಂಡು ಘಮ ಅನ್ನುತ್ತಿತ್ತು. ಅದನ್ನು ಕೊಕ್ಕೆಗೆ ಸಿಕ್ಕಿಸಿ ಬೋನಿನ ಬಾಗಿಲೆತ್ತಿ ಇಡುತ್ತಿದ್ದಳು. ಅರ್ಧ ಚೂರು ನನಗೆ ಕೊಡು ಅಂತ ನಾನು. “ಇಲಿಗೆ ಇಟ್ಟದ್ದನ್ನ ಮನಷ್ಯಾರು ತಿನಬಾರದು” ಅಂತ ಅವ್ವ. ಒಂದು ಇಲಿ ಮಾತ್ರ ಮಹಾ ಜಾಣ. ಮೂರು ದಿನ ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಎತ್ತಿದಂತೆಯೇ ಇದೆ, ಕೊಬ್ಬರಿ ಇಲ್ಲ. ಮೇಲಿಂದ ಮೇಲೆ ಸವಕಾಶ ಕೆರೆದು ತಿಂದು ಹೋಗಿದೆ. ನಾಲ್ಕನೆಯ ರಾತ್ರಿ ಅವ್ವ ಕೌದಿ ಹೊಲಿಯುವ ದಾರ ತಂದು ಕೊಬ್ಬರಿಯನ್ನು ಕೊಕ್ಕೆಗೆ ಸುತ್ತಿ ಸುತ್ತಿ ಕಟ್ಟಿದಳು. ಜಗ್ಗದೆ ತಿನ್ನಲು ಬರುವುದಿಲ್ಲ, ಜಗ್ಗಿದರೆ ಬಾಗಿಲು ಬೀಳುತ್ತದೆ. ಬಿತ್ತು.

ಈ ಕಥೆಯಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಒಂದೇ ಸಂಗತಿ: ಕೊಬ್ಬರಿ ಖರೆ ಇತ್ತು. ಸುಳ್ಳು ಕೊಬ್ಬರಿ ಇಟ್ಟರೆ ಇಲಿ ಬರುವುದಿಲ್ಲ. ವಂಚನೆಗೂ ಆಮಿಷಕ್ಕೂ ಇರುವ ಅಂತರ ಇಲ್ಲಿದೆ. ವಂಚನೆಯಲ್ಲಿ ವಸ್ತುವೇ ಸುಳ್ಳು, ಹಿತ್ತಾಳೆಯನ್ನು ಬಂಗಾರ ಅಂತ ಮಾರಿದ ಹಾಗೆ. ಆಮಿಷದಲ್ಲಿ ವಸ್ತು ನಿಜ, ಅದರ ಹಿಂದಿನ ಕೊಕ್ಕೆಯೂ ನಿಜ, ಮುಚ್ಚಿಟ್ಟಿರುವುದು ಅವೆರಡರ ನಡುವಿನ ಗಂಟನ್ನು ಮಾತ್ರ. ಈಗಿನ ಮೊಬೈಲ್ ಮೋಸಗಳನ್ನು ನೋಡಿ. ಮನೆಯಲ್ಲೇ ಕೂತು ಕೆಲಸ, ವಿಡಿಯೋಗಳಿಗೆ ಲೈಕ್ ಒತ್ತಿದರೆ ಸಾಕು ಅಂತ ಸಂದೇಶ ಬರುತ್ತದೆ. ಒತ್ತಿದವರ ಖಾತೆಗೆ ಮೊದಲ ದಿನ ನೂರೋ ಇನ್ನೂರೋ ಖರೇನೇ ಬಂದು ಬೀಳುತ್ತದೆ. ಅದು ಕೆಂಡಕ್ಕೆ ಹಿಡಿದ ಕೊಬ್ಬರಿ. ದೊಡ್ಡ ಕೆಲಸ ಬೇಕಿದ್ದರೆ ಇಷ್ಟು ಡಿಪಾಸಿಟ್ ಇಡಿ ಎಂಬ ಮಾತು ಆಮೇಲೆ ಬರುತ್ತದೆ. (ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಉಪನ್ಯಾಸಕ್ಕೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ.)

ಈ ಪದದ ಜೊತೆ ಕನ್ನಡ ಯಾವ ಕ್ರಿಯಾಪದ ಕೂಡಿಸುತ್ತದೆ ನೋಡಿ. ಆಮಿಷ ಕೊಟ್ಟ ಅಂತ ನಾವು ಅಷ್ಟಾಗಿ ಹೇಳುವುದಿಲ್ಲ. ಆಮಿಷ ಒಡ್ಡಿದ. ಒಡ್ಡುವುದೆಂದರೆ ಎದುರಿಗೆ ಚಾಚುವುದು, ಅಡ್ಡ ಹಿಡಿಯುವುದು. ಬಲೆ ಒಡ್ಡುತ್ತೇವೆ, ಸವಾಲು ಒಡ್ಡುತ್ತೇವೆ, ಧರ್ಮರಾಯ ದ್ರೌಪದಿಯನ್ನು ಪಣಕ್ಕೆ ಒಡ್ಡಿದ. ನಮ್ಮ ರೈತರಿಗೆ ಒಡ್ಡು ಎಂದರೆ ಹೊಲದ ಬದಿಗೆ ಹಾಕುವ ಮಣ್ಣಿನ ಏರಿ, ಹರಿಯುವ ನೀರಿಗೆ ಅಡ್ಡವಾದದ್ದು. ಹೀಗಾಗಿ ‘ಆಮಿಷ ಒಡ್ಡು’ ಅಂದಾಗ ಅದರೊಳಗೆ ಒಂದು ಚಾಚಿದ ಕೈ ಇದೆ, ನಡೆಯುವವನ ದಾರಿಗೆ ಒಂದು ಅಡ್ಡವಿದೆ.

ಇಲ್ಲಿ ಬೆಳಗಾವಿಯಲ್ಲಿ ಕೂತವರಿಗೆ ಒಂದು ಸೌಲಭ್ಯ ಇದೆ. ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡೂ ಪತ್ರಿಕೆ ಪಕ್ಕಪಕ್ಕದಲ್ಲಿ ತೂಗಾಡುತ್ತವೆ. ಮರಾಠಿಯಲ್ಲೂ ಇದೇ ಪದ, ಇದೇ ಅರ್ಥ, ಮಾಂಸದ ವಾಸನೆ ಅಲ್ಲೂ ಹೋಗಿದೆ. ಆದರೆ ಮರಾಠಿ ಪತ್ರಿಕೆ ಸಾಮಾನ್ಯವಾಗಿ ‘ಆಮಿಷ ದಾಖವೂನ್’ ಅನ್ನುತ್ತದೆ, ಅಂದರೆ ‘ತೋರಿಸಿ’. ಅವರದು ಕಣ್ಣಿನ ಕಡೆಯಿಂದ, ನಮ್ಮದು ಕೈಯ ಕಡೆಯಿಂದ. ಗಾಳ ಮಾತ್ರ ಇಬ್ಬರಿಗೂ ಒಂದೇ, ಅವರು ‘ಗಳ’ ಅನ್ನುತ್ತಾರೆ. ಗಡಿಯ ವಿಷಯದಲ್ಲಿ ನಾವು ಎಷ್ಟೇ ಜಗಳ ಆಡಿರಲಿ, ಸಿಕ್ಕಿಬೀಳುವ ಕೊಕ್ಕೆಗೆ ಒಂದೇ ಹೆಸರಿಟ್ಟುಕೊಂಡಿದ್ದೇವೆ.

ಇನ್ನೊಂದು ಜೋಡಿ, ‘ಆಮಿಷಕ್ಕೆ ಬಲಿಯಾದ’. ನಾನು ನೂರಾರು ಸಲ ಬರೆದಿದ್ದೇನೆ, ಯೋಚನೆ ಮಾಡದೆ. ಬಲಿ ಎಂದರೆ ದೇವರಿಗೋ ದೆವ್ವಕ್ಕೋ ಇಡುವ ಆಹಾರ. ಆಮಿಷವೂ ಆಹಾರ. ತಿನ್ನಲು ಹೋದವನೇ ತಿನಿಸಾಗಿಬಿಟ್ಟ ಎಂಬ ಇಡೀ ಕಥೆ ಆ ಎರಡು ಪದಗಳಲ್ಲಿದೆ. ‘ತುತ್ತಾದ’ ಅಂದರೂ ಅದೇ. ತುತ್ತಿಗೆ ಬಾಯಿ ತೆರೆದವನು ಮತ್ತೊಬ್ಬರ ಬಾಯಿಗೆ ತುತ್ತು.

ಇದರ ನೆರೆಹೊರೆಯ ಪದಗಳನ್ನೂ ಒಂದಿಷ್ಟು ಮಾತಾಡಿಸಬೇಕು. ‘ಸೆಳೆತ’ ಇದೆ. ಹೊಳೆಗೆ ಸೆಳೆತ ಇರುತ್ತದೆ, ಯಾರೂ ಅದನ್ನು ಹೂಡಿಟ್ಟದ್ದಲ್ಲ. ಹೊಳೆಯ ಮೇಲೆ ಯಾರೂ ಕೇಸು ಹಾಕುವುದಿಲ್ಲ. ‘ಮರುಳು’ ಇದೆ, ಬಹಳ ಹಳೆಯ ಕುಳ. ಹಳಗನ್ನಡದಲ್ಲಿ ಮರುಳ್ ಎಂದರೆ ಪಿಶಾಚಿ. ನಮ್ಮ ಪಕ್ಕದ ಮುಧೋಳದ ರನ್ನನ ಕಾವ್ಯದಲ್ಲಿ ರಣರಂಗದ ಮರುಳ್ಗಳು ದುರ್ಯೋಧನನನ್ನೇ ಹಾಸ್ಯ ಮಾಡುತ್ತವೆ. ಹೀಗಾಗಿ ‘ಮರುಳಾದ’ ಅಂದರೆ ಅವನಿಗೆ ಏನೋ ಬಡಿದುಕೊಂಡಿದೆ, ಪಾಪ, ತಪ್ಪು ಅವನದಲ್ಲ. ನಮ್ಮ ಆಡುಮಾತಿನ ‘ಮಳ್ಳ’ನಲ್ಲಿ ಆ ಪಿಶಾಚಿ ಸತ್ತು ಬರೀ ಪೆದ್ದ ಉಳಿದಿದ್ದಾನೆ. ‘ಮೋಹ’ ಪೂರ್ತಿ ಒಳಗಿನದು, ತಿಳಿವು ಮಸುಕಾಗುವುದು. ಮೋಹಕ್ಕೆ ಎದುರಿಗೆ ವಸ್ತುವೇ ಬೇಕಿಲ್ಲ, ಸತ್ತು ಹೋದವರ ಮೇಲೂ ಇರುತ್ತದೆ.

ಈ ಮೋಹ ಮತ್ತು ಆಮಿಷದ ಗೆರೆಯನ್ನು ನಮ್ಮ ಕೃಷಿಯವರು ಚೆನ್ನಾಗಿ ಹಿಡಿದಿದ್ದಾರೆ. ವಿಜಯಪುರದ ಕಡೆ ತೊಗರಿ ಹೊಲಗಳಲ್ಲಿ, ಕಡಲೆ ಹೊಲಗಳಲ್ಲಿ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ಕೊಳವೆಯಂಥ ಚೀಲ ನೀವು ನೋಡಿರಬಹುದು. ಮೇಲೆ ತಟ್ಟೆಯಂಥ ಮುಚ್ಚಳ, ಅದರಡಿ ಬೆರಳ ತುದಿಯಷ್ಟು ರಬ್ಬರ್ ತುಂಡು. ಕಾಯಿಕೊರಕ ಹುಳದ ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯನ್ನು ಕೃತಕವಾಗಿ ತಯಾರಿಸಿ ಆ ರಬ್ಬರಿನಲ್ಲಿ ತುಂಬಿರುತ್ತಾರೆ. ಗಂಡು ಪತಂಗಗಳು ಕತ್ತಲಲ್ಲಿ ವಾಸನೆ ಹಿಡಿದು ಬಂದು ಚೀಲಕ್ಕೆ ಬೀಳುತ್ತವೆ. ಇದಕ್ಕೆ ಕನ್ನಡದಲ್ಲಿ ‘ಮೋಹಕ ಬಲೆ’ ಅಂತ ಹೆಸರು. ಯಾರಿಟ್ಟರೋ, ಅವರಿಗೊಂದು ನಮಸ್ಕಾರ. ಆಮಿಷದ ಬಲೆ ಅನ್ನಲಿಲ್ಲ, ಯಾಕೆಂದರೆ ಅಲ್ಲಿ ಹೆಣ್ಣೂ ಇಲ್ಲ, ತಿನಿಸೂ ಇಲ್ಲ. ಪತಂಗದ ಒಳಗಿರುವ ಮೋಹವೇ ಅದನ್ನು ಕೊಲ್ಲುತ್ತದೆ. ಅದೇ ಹೊಲದಲ್ಲಿ ಎಲೆ ತಿನ್ನುವ ಹುಳ ಬಿದ್ದರೆ ಬೇರೆ ಉಪಾಯ. 2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ಗೋವಿನಜೋಳಕ್ಕೆ ಬಂದಾಗ ಬಹಳ ಮಂದಿ ಮಾಡಿದ್ದು ಅದನ್ನೇ. ತೌಡಿಗೆ ಬೆಲ್ಲದ ನೀರು ಕಲಸಿ, ಒಂದು ರಾತ್ರಿ ಹುಳಿ ಬರಿಸಿ, ಔಷಧ ಬೆರೆಸಿ, ಸಂಜೆ ಹೊತ್ತು ಬೆಳೆಗೆ ಉದುರಿಸುವುದು. ವಿಷ ಪಾಷಾಣ ಅನ್ನುತ್ತಾರೆ. ಅಲ್ಲಿ ತೌಡು ಖರೆ, ಬೆಲ್ಲ ಖರೆ. ಅದು ಅಪ್ಪಟ ಆಮಿಷ.

ಇನ್ನು ನಮ್ಮ ಜನ ಆಮಿಷ ಎಂಬ ಪದವನ್ನೇ ಮುಟ್ಟದೆ ಅದನ್ನು ಹೇಳುವ ಬಗೆ ಇದೆಯಲ್ಲ, ಅದಕ್ಕೆ ಸಾಟಿಯಿಲ್ಲ. ‘ಮೂಗಿಗೆ ತುಪ್ಪ ಸವರಿದರು.’ ವಾಸನೆ ಬರುತ್ತದೆ, ನಾಲಗೆ ಎಟುಕುವುದಿಲ್ಲ. ‘ಮೊಣಕೈಗೆ ತುಪ್ಪ’ ಅಂದರೆ ಕಣ್ಣಿಗೂ ಕಾಣುತ್ತದೆ, ಆದರೂ ಎಟುಕುವುದಿಲ್ಲ. ಸಣ್ಣವರಿದ್ದಾಗ ನಾವೆಲ್ಲ ಮೊಣಕೈ ನೆಕ್ಕಲು ಪ್ರಯತ್ನ ಮಾಡಿದವರೇ, ಅಲ್ಲವೇ? ಆದರೆ ಇವೆರಡೂ ಆಮಿಷಕ್ಕಿಂತ ಒಂದು ದರ್ಜೆ ಕಡಿಮೆ. ತುಪ್ಪ ಸವರಿದವನು ಬರೀ ಆಸೆ ಹುಟ್ಟಿಸಿ ಹೋಗುತ್ತಾನೆ. ಆಮಿಷ ಒಡ್ಡಿದವನು ಹೋಗುವುದಿಲ್ಲ, ಬೋನಿನ ಹತ್ತಿರವೇ ಕೂತಿರುತ್ತಾನೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಇವತ್ತಿನ ಮಾತು ಅದರಿಂದಲೇ ಹುಟ್ಟಿದ್ದು.

ಬಹಳ ವರ್ಷದ ಹಿಂದೆ, ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ ಕೊಡುತ್ತೇವೆ ಅಂತ ಹಣ ಕಟ್ಟಿಸಿಕೊಂಡು ಕೆಲವರು ಪರಾರಿಯಾದರು. ಕಟ್ಟಿದವರಲ್ಲಿ ಒಬ್ಬರು ನಿವೃತ್ತ ಶಿಕ್ಷಕಿ, ಪಿಂಚಣಿಯ ಗಂಟೆಲ್ಲ ಅಲ್ಲಿ ಇಟ್ಟಿದ್ದರು. ರಾತ್ರಿ ಹನ್ನೊಂದರ ಹೊತ್ತಿಗೆ ಸುದ್ದಿ ಬಂತು. ನಾನು ತಲೆಬರಹ ಕೊಟ್ಟೆ: ‘ಬಡ್ಡಿ ಆಸೆಗೆ ಗಂಟು ಕಳೆದುಕೊಂಡ ಶಿಕ್ಷಕಿ’. ಚೆನ್ನಾಗಿ ಬಂತು ಅಂತ ಅನ್ನಿಸಿತ್ತು ಕೂಡ. ಬಡ್ಡಿ, ಗಂಟು, ಎರಡೂ ಒಂದೇ ಸಾಲಿನಲ್ಲಿ.

ಎರಡು ದಿನ ಬಿಟ್ಟು ಅವರು ಕಚೇರಿಗೆ ಬಂದರು. ಇಳಕಲ್ ಸೀರೆ, ಕೈಯಲ್ಲಿ ವಾಯರ್ ಚೀಲ. ಕೂಗಾಡಲಿಲ್ಲ. ಚೀಲದಿಂದ ಪತ್ರಿಕೆ ತೆಗೆದು ನನ್ನ ಮೇಜಿನ ಮೇಲೆ ಹರವಿದರು. ‘ಆಸೆಗೆ’ ಎಂಬ ಪದದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು, ಉತ್ತರ ಪತ್ರಿಕೆ ತಿದ್ದುವವರ ಹಾಗೆ.

“ಸರ, ನಾ ಮೂವತ್ತ ವರ್ಷ ಹುಡುಗರಿಗೆ ವ್ಯಾಕರಣ ಕಲಿಸೀನಿ. ಈ ವಾಕ್ಯದಾಗ ಕರ್ತೃ ಯಾರ್ರೀ?”

ನಾನು ನೋಡಿದೆ. “ಶಿಕ್ಷಕಿ,” ಅಂದೆ.

“ಕಳಕೊಂಡಾಕಿ ನಾನು. ಕರ್ತೃನೂ ನಾನ? ಹಂಗಾರ ಕಳ್ಳ ಎಲ್ಲಿ ಹ್ವಾದ್ರಿ?”

ನನ್ನ ಬಳಿ ಉತ್ತರ ಇರಲಿಲ್ಲ. ಚಹಾ ತರಿಸಿದೆ, ಕುಡಿಯಲಿಲ್ಲ. ಎದ್ದು ಹೊರಡುವಾಗ ಅವರು ಆಡಿದ ಮಾತು ಮೊದಲಿನದಕ್ಕಿಂತ ಗಟ್ಟಿ. “ಆಸೆ ಇರಲಿಲ್ಲಂತ ನಾ ಹೇಳೂದಿಲ್ಲ. ಮಗಳ ಮದವಿ ಇತ್ತು. ಆಸೆ ಇತ್ತು. ಆದ್ರ ಆಸೆ ನನ್ನ ಮನ್ಯಾಗ ಸುಮ್ನ ಕುಂತಿತ್ತರೀ. ಅವರು ಬಂದು ಎಬಿಸಿದ್ರು. ಮೂರು ತಿಂಗಳಾ ಐದನೇ ತಾರೀಖಿಗೆ ಬರೋಬ್ಬರಿ ರೊಕ್ಕ ತಂದು ಕೈಯಾಗ ಇಟ್ಟರು.”

ಆಸೆ, ಆಮಿಷ. ಎರಡನ್ನೂ ನಾವು ಒಂದೇ ಪದದ ಎರಡು ವೇಷ ಎಂಬಂತೆ ಬಳಸುತ್ತೇವೆ. ಆಸೆ ಪಡುವವನದು, ಆಮಿಷ ಒಡ್ಡುವವನದು. ನಾನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ಅಪರಾಧ ಒಂದು ಮನೆಯಿಂದ ಇನ್ನೊಂದು ಮನೆಗೆ ವರ್ಗವಾಗಿಬಿಟ್ಟಿತು. ಅದಾದ ಮೇಲೆ ನಾನು ‘ಆಮಿಷವೊಡ್ಡಿ ವಂಚನೆ’ ಅಂತ ಬರೆಯತೊಡಗಿದೆ. ಒಡ್ಡಿದವನ ಹೆಸರು ಅಲ್ಲೂ ಇಲ್ಲ, ಒಪ್ಪುತ್ತೇನೆ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಸಾಗಿಸುವುದು ಬಹಳ ಸುಲಭ, ಪತ್ರಿಕೆಯವರಿಗೂ ರಾಜಕಾರಣಿಗಳಿಗೂ ಅದೊಂದು ವರ. ಆದರೂ ‘ಒಡ್ಡಿ’ ಎಂಬಲ್ಲಿ ಒಂದು ಕೈಯಾದರೂ ಕಾಣುತ್ತದೆ. ಮುಖ ಪೊಲೀಸರು ಹುಡುಕಲಿ.

ವಚನಕಾರರು ಈ ವಿಷಯದಲ್ಲಿ ಏನಂದರು ಅಂತ ಕೇಳದೆ ನಮ್ಮ ಕಡೆ ಯಾವ ಉಪನ್ಯಾಸವೂ ಮುಗಿಯುವುದಿಲ್ಲ. ಮುಗಿಸಿದರೆ ನೀವೂ ಬಿಡುವುದಿಲ್ಲ. ಅಲ್ಲಮನ ಮಾತು ನಿಮಗೆಲ್ಲ ಬಾಯಿಪಾಠ. ಹೊನ್ನು ಮಾಯೆಯಲ್ಲ, ಹೆಣ್ಣು ಮಾಯೆಯಲ್ಲ, ಮಣ್ಣು ಮಾಯೆಯಲ್ಲ, ‘ಮನದ ಮುಂದಣ ಆಸೆಯೆ ಮಾಯೆ’. ಅಲ್ಲಮ ಕೊಬ್ಬರಿಯನ್ನು ಖುಲಾಸೆ ಮಾಡಿ ಇಲಿಯನ್ನು ಕಟಕಟೆಗೆ ತಂದು ನಿಲ್ಲಿಸಿದ. ಹೆಣ್ಣನ್ನು ಮಾಯೆ ಅಂತ ಬೈಯುತ್ತಿದ್ದ ಕಾಲದಲ್ಲಿ ಅದು ಎಂಥ ನ್ಯಾಯದ ಮಾತು! ಆದರೆ ಆ ಶಿಕ್ಷಕಿಯ ಎದುರು ಕೂತು ಈ ವಚನ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ನನಗೆ ಆಸರೆಯಾದದ್ದು ಇನ್ನೊಂದು ವಚನ, ಬಸವಣ್ಣನದು.

‘ವಿಷಯವೆಂಬ ಹಸುರನೆನ್ನ ಮುಂದೆ ತಂದು ಪಸರಿಸಿದೆಯಯ್ಯಾ, ಪಶುವೇನ ಬಲ್ಲುದು, ಹಸುರೆಂದೆಳಸುವುದು.’

ಇದನ್ನು ನಿಧಾನವಾಗಿ ನೋಡೋಣ. ಮೊದಲನೆಯದು, ಸಂಸ್ಕೃತದ ಆಮಿಷ ಮಾಂಸವಾಗಿತ್ತು, ಇಲ್ಲಿ ಅದು ಹುಲ್ಲಾಗಿದೆ. ಬಾಗೇವಾಡಿಯ ಎರೆ ಭೂಮಿಯಲ್ಲಿ ಹುಟ್ಟಿ ಕೃಷ್ಣಾ ಮಲಪ್ರಭಾ ಕೂಡುವಲ್ಲಿ ಬೆಳೆದವನಿಗೆ ಬೇಸಿಗೆಯಲ್ಲಿ ಒಂದು ಹಿಡಿ ಹಸಿರು ಅಂದರೆ ಏನು ಅಂತ ಗೊತ್ತಿತ್ತು. ಚೈತ್ರ ವೈಶಾಖದಲ್ಲಿ ನಮ್ಮ ಕಡೆ ಸುತ್ತ ಎಲ್ಲ ಕಂದು, ದನಕ್ಕೆ ಒಣ ಕಣಿಕೆಯೇ ಗತಿ. ಇವತ್ತಿಗೂ ಸಂತೆಗೆ ಒಯ್ಯುವ ಆಕಳು ಗಾಡಿ ಹತ್ತಲು ಹಟ ಹಿಡಿದರೆ ಒಂದು ಸೂಡು ಹಸಿ ಮೇವು ಮುಂದೆ ಹಿಡಿಯುತ್ತಾರೆ. ಅದು ಕತ್ತು ಚಾಚುತ್ತದೆ, ಒಂದು ಕಾಲು ಮೇಲಿಡುತ್ತದೆ. ಎರಡನೆಯದು, ‘ಎಳಸುವುದು’. ಈಗ ಎಳಸು ಎಂದರೆ ಬಲಿಯದ್ದು, ಹುಡುಗಾಟದ್ದು. ಇಲ್ಲಿ ಬಯಸುವುದು ಅಂತ. ಮೂರನೆಯದು, ನಾನು ಇಲ್ಲಿಗೆ ಬರಲೆಂದೇ ಇಷ್ಟು ಹೊತ್ತು ಸುತ್ತಿದ್ದು, ‘ತಂದು ಪಸರಿಸಿದೆ’ ಎಂಬ ಕ್ರಿಯಾಪದ. ಯಾರು ತಂದದ್ದು? ನೀನು. ಕೂಡಲಸಂಗಮದೇವ. ಹಸಿರು ತಾನಾಗಿ ಅಲ್ಲಿ ಬೆಳೆದಿರಲಿಲ್ಲ, ನೀನು ತಂದೆ, ನನ್ನ ಮುಂದೆಯೇ ಹರವಿದೆ. ಪಶುವಿಗೆ ಏನು ತಿಳಿಯುತ್ತದೆ, ಹಸಿರು ಕಂಡರೆ ಬಯಸುತ್ತದೆ. ಬಸವಣ್ಣ ತನ್ನ ಎಳಸುವಿಕೆಯನ್ನು ಅಲ್ಲಗಳೆಯುವುದಿಲ್ಲ. ಆದರೆ ಕರ್ತೃವನ್ನು ಬಿಟ್ಟುಕೊಡುವುದಿಲ್ಲ, ದೇವರೇ ಆದರೂ! ಮುಂದೆ ಕಾಪಾಡು ಅಂತ ಕೇಳುವುದೂ ಅವನನ್ನೇ. ಆ ಶಿಕ್ಷಕಿ ನನ್ನ ಮೇಜಿನ ಮುಂದೆ ಹೇಳಿದ್ದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಈ ವಚನಗಳು ನಮ್ಮ ಕೈಗೆ ಬಂದದ್ದು ವಿಜಯಪುರದ ವಕೀಲರೊಬ್ಬರಿಂದ. ಫ. ಗು. ಹಳಕಟ್ಟಿಯವರು ಮ್ಯಾಳಿಗೆ, ಅಟ್ಟ, ಮಠ ಸುತ್ತಿ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು ಇದೇ ಬೆಳಗಾವಿಯಲ್ಲಿ. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಮನೆ ಮಾರಿದರು. ವಕೀಲಿಕೆಯಲ್ಲಿ ಇನ್ನೂ ಎಷ್ಟೋ ಗಳಿಸಬಹುದಿತ್ತು. ಹಸಿರು ಅವರ ಮುಂದೆಯೂ ಹರವಿತ್ತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಅಲ್ಲಿ ಪದಗಳಿಗೆ ರುಚಿಯಿಲ್ಲ. ಚುನಾವಣೆಯಲ್ಲಿ ಮತಕ್ಕಾಗಿ ಏನನ್ನಾದರೂ ಕೊಡುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಕಲಮಿನಲ್ಲಿ ಭ್ರಷ್ಟ ನಡವಳಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 170ನೆಯ ಕಲಮಿನಲ್ಲಿ ಅದು ಲಂಚದ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ 171-ಬಿ ಆಗಿತ್ತು. ಗಮನಿಸಬೇಕಾದದ್ದು, ಕಾನೂನು ಒಡ್ಡಿದವನನ್ನೂ ಹಿಡಿಯುತ್ತದೆ, ತೆಗೆದುಕೊಂಡವನನ್ನೂ ಹಿಡಿಯುತ್ತದೆ. ಒಂದು ಕೈಯಲ್ಲಿ ಬಸವಣ್ಣ, ಇನ್ನೊಂದರಲ್ಲಿ ಅಲ್ಲಮ.

ಇನ್ನು ಕುಂದಾ. ಅದು ಆಮಿಷವೇ? ನನ್ನ ಪ್ರಕಾರ ಅಲ್ಲ. ಕುಂದಾ ತಿಂದಿರಿ ಅಂತ ನಾಳೆ ಯಾರೂ ನಿಮ್ಮ ಮನೆಗೆ ಬಂದು ಏನನ್ನೂ ಕೇಳುವುದಿಲ್ಲ. ಉಪನ್ಯಾಸ ಕೇಳಬೇಕಾದೀತು ಅಂತ ಪತ್ರಿಕೆಯಲ್ಲೇ ಬರೆದಿತ್ತು, ಕೊಕ್ಕೆ ಬಯಲಲ್ಲೇ ಇತ್ತು. ಕೊಕ್ಕೆ ಕಾಣುತ್ತಿದ್ದರೆ ಅದು ಆಮಿಷವಲ್ಲ, ಬರೀ ವ್ಯವಹಾರ. ಅಂಗಡಿಯವರು ಒಂದು ಕೊಂಡರೆ ಒಂದು ಉಚಿತ ಅನ್ನುವುದೂ ಹಾಗೆಯೇ, ಒಂದರ ಬೆಲೆಯನ್ನು ಮೊದಲೇ ಎರಡು ಪಟ್ಟು ಮಾಡಿರದಿದ್ದರೆ. ಆದರೆ ಈ ವಿವರಣೆಯಲ್ಲಿ ತೂತಿದೆ ಅಂತ ನನಗೇ ಗೊತ್ತು. ಪ್ರಶ್ನೆ ಇದ್ದರೆ ಕೇಳಿ.

(ಮೂರನೆಯ ಸಾಲಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದು ನಿಂತರು. ಮೈಕ್ ಬೇಡ ಅಂದರು. ಅವರು ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯುತ್ತೇನೆ.)

“ಇಲೆಕ್ಷನ್ನಾಗ ನಮ್ಮೂರಾಗ ಮನಿಗೊಂದ ಕುಕ್ಕರ್ ಕೊಟ್ಟರ್ರಿ. ತಗೊಂಡ್ವಿ. ವೋಟ ಮಾತ್ರ ನಮ್ಮ ಮನಸಿಗೆ ಬಂದವರಿಗೇ ಹಾಕಿದ್ವಿ. ಅಂದ್ರ ನಾವು ನಿಮ್ಮ ಅವ್ವನ ಬೋನಿನ್ಯಾಗ ಕೊಬ್ಬರಿ ತಿಂದು ಪಾರಾದ ಇಲಿ ಆದ್ವಿಲ್ಲೋ?”

ಸಭೆ ಚಪ್ಪಾಳೆ ತಟ್ಟಿತು. ಕಾನೂನಿನ 170ನೆಯ ಕಲಮು ಮತ್ತೆ ಹೇಳುವ ಧೈರ್ಯ ನನಗಾಗಲಿಲ್ಲ. “ಅಜ್ಜಾರ, ಮುಂದಿನ ಸಲ ಕೊಬ್ಬರಿಗೆ ದಾರ ಕಟ್ಟಿರ್ತಾರ್ರಿ” ಅಂದೆ.

ಅವರು ಕೂಡಲು ಹೋದವರು ಮತ್ತೆ ನಿಂತರು.

“ಈ ಸಲಾನ ಕಟ್ಟಿದ್ರು ತಮ್ಮಾ. ಕುಕ್ಕರ್ ಕೊಡೂಮುಂದ ದೇವರ ಫೋಟೋದ ಮ್ಯಾಲ ಕೈ ಇಡಿಸಿಕೊಂಡರು. ನಾನು ಇಟ್ಟು ಬಂದೆ, ಬ್ಯಾರೇದಕ್ಕ ಒತ್ತಿ ಬಂದೆ. ನಮ್ಮಾಕಿ ಮಾತ್ರ ಆಣಿ ತಪ್ಪಬಾರದು ಅಂತ ಅವರಿಗೇ ಹಾಕಿ ಬಂದಳು. ಆ ಕುಕ್ಕರಿನ್ಯಾಗ ಇವತ್ತಿಗೂ ಬ್ಯಾಳಿ ಇಟ್ಟಿಲ್ಲ ಆಕಿ. ಅಟ್ಟದ ಮ್ಯಾಲ ಇಟ್ಟಾಳ, ಡಬ್ಬಿ ಸೈತ ಒಡದಿಲ್ಲ.”

ಅಷ್ಟರಲ್ಲಿ ಕುಂದಾದ ತಟ್ಟೆಗಳು ಬಂದವು.